ನನ್ನ ಸಹಿಗೆ ನ್ಯಾಯಾಲಯದ ಆದೇಶ ಬಿದ್ದುಹೋಗುತ್ತದೆಯೇ?

ಮಾನ್ಯ ಠಾಣಾಧಿಕಾರಿಗಳೇ,

ಶ್ರೀರಂಗಪಟ್ಟಣದಿಂದ ನಾಗಮಂಗಲದವರೆಗೆ ಮುನ್ನೂರ ಹನ್ನೆರಡು ಸಂಸಾರಗಳನ್ನು ಒಂದುಗೂಡಿಸಿದವನು ನಾನು. ನಾನು ಪಂಚಾಯ್ತಿಗೆ ಕೂತರೆ ಕಾವೇರಿಯೂ ಒಂದು ಗಳಿಗೆ ನಿಂತು, ತೀರ್ಪು ಕೇಳಿಕೊಂಡೇ ಮುಂದಕ್ಕೆ ಹರಿಯುತ್ತಾಳೆ. ಅಂಥವನ ಮಾತನ್ನು ತಮ್ಮ ಠಾಣೆ ನಂಬಿದ್ದರಲ್ಲಿ ಆಶ್ಚರ್ಯವಿಲ್ಲ. ಆದರೆ ನ್ಯಾಯಾಧೀಶರ ಮಾತಿಗಿಂತ ಹೆಚ್ಚಾಗಿ ನಂಬಿತಲ್ಲ, ಅದೇ ನನ್ನ ದೂರು. ನನ್ನ ಅಕ್ಕನ ಮಗಳು ಅರ್ಪಿತಳಿಗೆ ನ್ಯಾಯಾಲಯ ಕೊಟ್ಟ ರಕ್ಷಣಾ ಆದೇಶವನ್ನು ಅವಳ ಗಂಡ ರವೀಂದ್ರ ಕಳೆದ ಸೋಮವಾರ ಮುರಿದಿದ್ದಾನೆ. ತಾವು ದೂರು ಬರೆದುಕೊಂಡಿಲ್ಲ. ಅವನು ದಿನಾ ಅವಳು ಕೆಲಸ ಮಾಡುವ ನಮ್ಮೂರ ಡೇರಿಯ ಎದುರು ಬೈಕ್ ನಿಲ್ಲಿಸಿಕೊಂಡು ಕೂರುತ್ತಾನೆ. ಅವಳು ಕೆಲಸಕ್ಕೆ ಹೋಗದೆ ಮನೆಯೊಳಗೆ ಚಿಲಕ ಹಾಕಿಕೊಂಡು ಕೂರುತ್ತಾಳೆ. ಆದೇಶ ಯಾರ ಮೇಲೆ ಆದದ್ದು, ಸ್ವಾಮಿ?

ಸಿಂಧಘಟ್ಟದ ಆಚೆಗೆ ಕೊಟ್ಟ ಹುಡುಗಿ ಅವಳು. ಆರು ವರ್ಷದಲ್ಲಿ ಮೂರು ಸಲ ಏಟು ತಿಂದು ತವರಿಗೆ ಬಂದಳು. ಮೂರು ಸಲವೂ ನಾನೇ ಮುಂದೆ ನಿಂತು, ಗಂಡನಿಗೆ ಬುದ್ಧಿ ಹೇಳಿ, ಅವಳಿಗೆ ಮಡಿಲಕ್ಕಿ ತುಂಬಿಸಿ ವಾಪಸ್ಸು ಕಳಿಸಿದೆ. ಮುನ್ನೂರ ಹನ್ನೆರಡರಲ್ಲಿ ಮೂರು ಇವೇ. ನಾಲ್ಕನೇ ಸಲ ಮುಂಗೈ ಮುರಿಸಿಕೊಂಡು ಬಂದವಳು ನನ್ನನ್ನು ಕರೆಯಲಿಲ್ಲ. ನೇರವಾಗಿ ಮಹಿಳಾ ಮತ್ತು ಮಕ್ಕಳ ಇಲಾಖೆಯ ರಕ್ಷಣಾಧಿಕಾರಿಯ ಹತ್ತಿರ ಹೋದಳು, ಅಲ್ಲಿಂದ ನ್ಯಾಯಾಲಯಕ್ಕೆ. ಆದೇಶ ಬಂತು. ರವೀಂದ್ರ ಅವಳನ್ನು ಹೊಡೆಯಕೂಡದು, ತವರುಮನೆಗೆ ಬರಕೂಡದು, ಅವಳು ಹಾಲು ಪರೀಕ್ಷೆ ಮಾಡುವ ಡೇರಿಯ ಹತ್ತಿರ ಸುಳಿಯಕೂಡದು, ಫೋನೂ ಮಾಡಕೂಡದು. ಮೂರು ಹಾಳೆ, ಒಂದು ಮೊಹರು. ನಾನು ನಕ್ಕುಬಿಟ್ಟೆ. "ಕಾಗ್ದ ಬಂದು ಏಟ್ಗೆ ಅಡ್ಡ ನಿಂತ್ಕತದೇನಮ್ಮಿ?" ಅಂದೆ.

ನಿಂತುಕೊಂಡಿತು. ಒಂದು ಸಂಜೆ ರವೀಂದ್ರ ಡೇರಿಯ ತಿರುವಿಗೆ ಬಂದಾಗ ತಮ್ಮದೇ ಠಾಣೆಯ ಪೇದೆಯೊಬ್ಬರು ಆದೇಶ ತೋರಿಸಿ, "ಇದ್ನ ದಾಟುದ್ರೆ ಜೈಲು ಕಣಪ್ಪ, ಗಾಡಿ ತಿರುಗ್ಸು" ಅಂದರು. ತಿರುಗಿಸಿದ. ಆಮೇಲೆ ಐದು ತಿಂಗಳು ಈ ಕಡೆ ತಲೆ ಹಾಕಲಿಲ್ಲ. ಬೈಕಿನ ಸದ್ದಿಗೇ ಮಂಚದ ಕೆಳಗೆ ನುಗ್ಗುತ್ತಿದ್ದ ಅರ್ಪಿತಳ ಮಗಳು ಚಿನ್ನು ಬೀದಿಯಲ್ಲಿ ಕುಂಟೆಬಿಲ್ಲೆ ಆಡತೊಡಗಿದಳು. ನನ್ನ ಯಾವ ಪಂಚಾಯ್ತಿ ಆ ಮಗುವನ್ನು ಬೀದಿಗೆ ಆಡಲು ಕಳಿಸಿತ್ತು?

ಮುಂದಿನದು ನನ್ನ ತಪ್ಪು, ಬರೆದೇ ತೀರಬೇಕು. ನಮ್ಮ ಕಡೆ ರಾಜಿ ಆಗುವಾಗ ಹೆಣ್ಣಿನ ಪರವಾಗಿ ಸೋದರಮಾವ ಸಹಿ ಹಾಕಿದರೆ ಮುಗಿಯಿತು, ಹೆಣ್ಣನ್ನು ಕೇಳುವ ಪದ್ಧತಿಯೇ ಇಲ್ಲ. ರವೀಂದ್ರನ ಅಪ್ಪ ಹಣ್ಣುಕಾಯಿ ಹಿಡಿದು ಬಂದು, "ಕೋರ್ಟು ಅನ್ನದು ನಿಮ್ಗಿಂತ ದೊಡ್ಡದಾ ಕೆಂಪಣ್ಣೋರೇ? ನೀವೊಂದು ಮಾತೇಳುದ್ರೆ ಆಗೋಯ್ತದೆ" ಅಂದದ್ದೇ ತಡ, ನಾನು ಉಬ್ಬಿಹೋದೆ. ಛಾಪಾ ಕಾಗದ ತರಿಸಿ, "ಇನ್ನು ಮುಂದೆ ಕೋರ್ಟಿನ ಆದೇಶ ರದ್ದು" ಎಂದು ಬರೆಸಿ, ಹೆಣ್ಣಿನ ಕಡೆಗೆ ಸಹಿ ಹಾಕಿದೆ. ಅರ್ಪಿತ ಆ ಹೊತ್ತಿನಲ್ಲಿ ಡೇರಿಯಲ್ಲಿ ಹಾಲು ಪರೀಕ್ಷೆ ಮಾಡುತ್ತಿದ್ದಳು.

ಮೂರನೇ ದಿನ ರವೀಂದ್ರ ಡೇರಿಗೆ ನುಗ್ಗಿ, ಹಾಲು ತಂದವರ ಸಾಲಿನ ಎದುರೇ ಅವಳ ಜಡೆ ಹಿಡಿದೆಳೆದ. "ನಿಮ್ಮಾವ್ನೇ ಬರ್ಕೊಟ್ಟವ್ನೆ, ನಡಿಯಮ್ಮಿ ಮನೆಗೆ!" ಸಾಲಿನವರು ಬಿಡಿಸಿದರು. ಠಾಣೆಗೆ ಓಡಿದೆವು. ರವೀಂದ್ರ ಮೊದಲೇ ಕೊಟ್ಟು ಹೋಗಿದ್ದ ನನ್ನ ರಾಜಿ ಕಾಗದವನ್ನು ತಮ್ಮ ರೈಟರು ಮೇಜಿನ ಮೇಲಿಟ್ಟರು. "ರಾಜಿ ಆಗೋಯ್ತಲ್ಲಮ್ಮ, ನಿಮ್ಮಾವನ ಸೈನೂ ಅದೆ. ಆರ್ಡ್ರು ಬಿದ್ದೋಯ್ತು. ಓಗಿ, ಒಂದಾಗಿ ಬಾಳಿ." ಅರ್ಪಿತ ನನ್ನ ಕಡೆ ತಿರುಗಿದಳು. "ಒಡೆಸ್ಕಂಡೋಳು ನಾನು. ಕೋರ್ಟ್‌ಗೆ ಅಲೆದೋಳು ನಾನು. ಸೈನ್ ಆಕಕ್ಕೆ ನೀನ್ಯಾರು ಮಾವ?"

ಅದೇ ಪ್ರಶ್ನೆ ಹಿಡಿದುಕೊಂಡು ಕಾನೂನು ಸೇವಾ ಸಮಿತಿಯ ವಕೀಲೆಯ ಹತ್ತಿರ ಹೋಗಿ ಕೇಳಿದೆ. ಆದೇಶವನ್ನು ತೆಗೆಯುವುದಾದರೂ ಬದಲಿಸುವುದಾದರೂ ನ್ಯಾಯಾಧೀಶರೇ ಮಾಡಬೇಕು, ಅದನ್ನು ಮುರಿಯುವುದೇ ಒಂದು ಅಪರಾಧ, ಒಂದು ವರ್ಷದವರೆಗೆ ಜೈಲಾಗಬಹುದು, ದೂರು ತೆಗೆದುಕೊಳ್ಳಬೇಕಾದವರು ಪೊಲೀಸರೇ ಎಂದರು. ಏಳನೇ ಕ್ಲಾಸು ಓದಿದ ನನಗೆ ಒಂದೇ ಸಲಕ್ಕೆ ಅರ್ಥವಾಯಿತು. ತಮಗೆ ಎಷ್ಟು ಸಲ ಹೇಳಬೇಕು? ನ್ಯಾಯಾಧೀಶರ ಮೊಹರನ್ನು ಅಳಿಸುವ ಶಕ್ತಿ ನನ್ನ ಸಹಿಗಿದ್ದರೆ, ನಾಳೆ ಬಂದು ತಮ್ಮ ವರ್ಗಾವಣೆಗೂ ಒಂದು ಹಾಕಿಬಿಡಲೇ?

ಅವಳ ದೂರನ್ನು ಇವತ್ತೇ ಬರೆದುಕೊಳ್ಳಿ. ಬೆಳಿಗ್ಗೆ, ಸಂಜೆ ಹಾಲು ಅಳೆಯುವ ಹೊತ್ತಿಗೆ ಆ ಪೇದೆಯನ್ನೇ ಡೇರಿಯ ಕಡೆ ಕಳಿಸಿ. ಇನ್ನು ನಾಲ್ಕು ದಿನ ಅವಳು ಕೆಲಸಕ್ಕೆ ಬಾರದಿದ್ದರೆ ಬೇರೆಯವರನ್ನು ಹಾಕಿಕೊಳ್ಳುತ್ತೇವೆ ಎಂದು ಡೇರಿಯವರು ಹೇಳಿದ್ದಾರೆ. ನನ್ನ ಕಾಗದವನ್ನು ಹರಿಯಬೇಡಿ, ನನ್ನ ಮೇಲೆ ಸಾಕ್ಷಿಯಾಗಿ ಇಟ್ಟುಕೊಳ್ಳಿ. ಕರೆದರೆ ಬಂದು ಹೇಳಿಕೆ ಕೊಡುತ್ತೇನೆ.

ಆ ರಾಜಿಗೆ ಐವತ್ತು ಸಾವಿರ ಕಳೆದುಕೊಂಡೆ ಎಂದು ಊರಲ್ಲಿ ಹೇಳಿಕೊಂಡು ತಿರುಗುತ್ತಿದ್ದೇನೆ. ತಮಗೆ ಬರೆಯುವಾಗ ಸುಳ್ಳು ಬೇಡ. ಛಾಪಾ ಕಾಗದ, ಟೈಪು, ಬಂದವರಿಗೆ ಬಾಡೂಟ, ಎಲ್ಲ ಸೇರಿ ಎರಡು ಸಾವಿರದ ಮುನ್ನೂರ ನಲವತ್ತು ರೂಪಾಯಿ. ಅಷ್ಟನ್ನು ಖರ್ಚು ಮಾಡಿ, ಅವಳ ಜಡೆಯನ್ನು ನಾನೇ ಅವನ ಕೈಗೆ ಕೊಟ್ಟೆ.

ಇಂತಿ,
ಅವಳನ್ನು ಕೇಳದೆ ಸಹಿ ಹಾಕಿದ
ಅರ್ಪಿತಳ ಸೋದರಮಾವ ಕೆಂಪಣ್ಣ