ವೈದ್ಯರ ಬಾಯಿಂದ ‘ಬೇಡ’ ಹೇಳಿಸುವವರಿಗೆ

ಮಾನ್ಯ ಆರೈಕೆ ವಿಭಾಗದ ಮುಖ್ಯಸ್ಥರೇ,

ನನ್ನ ಗಂಡನ ಎಡಪಾದ ಇನ್ನು ಮೇಲಕ್ಕೆ ಏಳುವುದಿಲ್ಲ. ಅದಕ್ಕೆ ನಿಮ್ಮ ಆರೋಗ್ಯ ವಿಮಾ ಕಂಪನಿ ಕಾರಣ, ಅದರಲ್ಲೂ ನೀವು ಕಾರಣ. ನಿಮ್ಮ ಕಡತಗಳಲ್ಲಿ ಎಲ್ಲಿಯೂ ಹಾಗೆ ಬರೆದಿಲ್ಲ. ಬರೆಯಲು ಜಾಗವೇ ಇಲ್ಲದಂತೆ ನೀವು ನೋಡಿಕೊಂಡಿದ್ದೀರಿ. ಆದ್ದರಿಂದ ನಾನು ಇಲ್ಲಿ ಬರೆಯುತ್ತಿದ್ದೇನೆ. ಈ ಪತ್ರ ನಿಮ್ಮ ಮೇಜಿಗೆ ತಲುಪುವ ಮೊದಲೇ ದೋಹಾದ ಕನ್ನಡಿಗರ ಫೋನುಗಳಿಗೆ ತಲುಪಿರುತ್ತದೆ. ನೀವು ಮೈಸೂರಿನವರು. ಓದಿಕೊಳ್ಳಲು ಅನುವಾದಕರು ಬೇಕಾಗಲಿಕ್ಕಿಲ್ಲ.

ನಾನು ಯಾರೆಂದು ನಿಮಗೆ ಗೊತ್ತು. ಓದುತ್ತಿರುವ ಉಳಿದವರಿಗಾಗಿ ಹೇಳುತ್ತೇನೆ. ದೋಹಾದ ವೆಸ್ಟ್ ಬೇಯಲ್ಲಿರುವ ಕಚೇರಿಯ ಹತ್ತೊಂಬತ್ತನೇ ಮಹಡಿಯಲ್ಲಿ, ಇವರ ಕೈಕೆಳಗೆ, ಏಳು ವರ್ಷ ಕೆಲಸ ಮಾಡಿದವಳು ನಾನು. ನಮ್ಮದು ಅನುಮತಿ ವಿಭಾಗ. ಆಗಿನ ನಿಯಮ ಸರಳವಾಗಿತ್ತು, ಕ್ರೂರವೂ ಆಗಿತ್ತು. ರೋಗಿ ತನಗೆ ಗೊತ್ತುಮಾಡಿದ ಕ್ಲಿನಿಕ್ಕಿಗೇ ಮೊದಲು ಹೋಗಬೇಕು. ಅಲ್ಲಿಂದ ಚೀಟಿ ಸಿಕ್ಕರೆ ತಜ್ಞರ ಬಳಿಗೆ. ತಜ್ಞರು ಸ್ಕ್ಯಾನ್ ಬರೆದರೆ ಅದು ನಮ್ಮ ಅನುಮತಿಗೆ ಬರುತ್ತಿತ್ತು. ನಾವು ಒಪ್ಪುತ್ತಿದ್ದೆವು, ಇಲ್ಲವೇ ತಿರಸ್ಕರಿಸುತ್ತಿದ್ದೆವು. ತಿರಸ್ಕಾರ ಪತ್ರದ ಕೆಳಗೆ ನನ್ನ ಹೆಸರಿರುತ್ತಿತ್ತು. ಜನ ಫೋನ್ ಮಾಡಿ ನನ್ನನ್ನು ಬೈಯುತ್ತಿದ್ದರು, ಮೇಲ್ಮನವಿ ಹಾಕುತ್ತಿದ್ದರು, ಎಷ್ಟೋ ಸಲ ಗೆಲ್ಲುತ್ತಲೂ ಇದ್ದರು.

ಮೂರು ವರ್ಷದ ಹಿಂದೆ ಬರ್ನಡೆಟ್ ಎಂಬ ಶಾಲಾ ಗುಮಾಸ್ತೆಯ ಮಗಳಿಗೆ ಹೊಟ್ಟೆನೋವು ಬಂತು. ನಮ್ಮ ಅನುಮತಿಗೆ ಕಾಯುತ್ತಾ ಕೂತಿದ್ದಾಗಲೇ, ಕ್ಲಿನಿಕ್ಕಿನ ಬೆಂಚಿನ ಮೇಲೆ, ಆ ಮಗುವಿನ ಅಪೆಂಡಿಕ್ಸ್ ಒಡೆಯಿತು. ಮಗು ಉಳಿಯಿತು. ತಾಯಿ ಆ ಬೆಂಚಿನ ಎದುರು ನಿಂತು ಮಾತಾಡಿದ ವಿಡಿಯೋ ಇಡೀ ಕತಾರ್ ಸುತ್ತಿತು. ನಮ್ಮ ಯೋಜನೆ ಕೊಂಡಿದ್ದ ದೊಡ್ಡ ದೊಡ್ಡ ಕಂಪನಿಗಳು ಬಿಟ್ಟು ಹೋಗುವ ಬೆದರಿಕೆ ಹಾಕಿದವು. ಆಗ ನೀವು ನಾಲ್ಕು ಜನರನ್ನು ಒಳಗೆ ಕರೆದು ಬಾಗಿಲು ಹಾಕಿಕೊಂಡು ಹೇಳಿದ ಮಾತು ನನಗೆ ಅಕ್ಷರಶಃ ನೆನಪಿದೆ:

“ನೋಡಮ್ಮಾ, ಜನಕ್ಕೆ ಸಿಟ್ಟು ಬಂದಿರೋದು ‘ಇಲ್ಲ’ ಅನ್ನೋ ಮಾತಿನ ಮೇಲೆ. ಆ ಮಾತು ಇನ್ಮೇಲೆ ನಮ್ಮ ಬಾಯಿಂದ ಬರಕೂಡದು. ಡಾಕ್ಟ್ರಿಗೇ ಅನ್ನಿಸ್ಬೇಕು, ಬೇಡ ಅಂತ.”

ಎಂಥ ಪಶ್ಚಾತ್ತಾಪ! ಮೂರು ತಿಂಗಳಲ್ಲಿ ಹೊಸ ಯೋಜನೆ ಬಂತು. ಚೀಟಿ ಬೇಡ, ಅನುಮತಿ ಬೇಡ, ಯಾವ ತಜ್ಞರ ಬಳಿಗಾದರೂ ನೇರವಾಗಿ ಹೋಗಿ. ಕಚೇರಿಯಲ್ಲಿ ‘ಅಪ್ರೂವಲ್ ಖಲಾಸ್’ ಎಂದು ಬರೆದ ಕೇಕ್ ಕತ್ತರಿಸಿದೆವು. ನಮ್ಮ ವಿಭಾಗಕ್ಕೆ ‘ಸದಸ್ಯರ ಆರೈಕೆ’ ಎಂಬ ಹೆಸರು ಬಂತು. ನಿಜವಾದ ಬದಲಾವಣೆ ಮಾತ್ರ ರೋಗಿಗೆ ಕಾಣದ ಜಾಗದಲ್ಲಿ ಆಯಿತು. ಅದು ವೈದ್ಯರ ಕಂಪ್ಯೂಟರಿನ ಪರದೆ. ವೈದ್ಯರು ಸ್ಕ್ಯಾನ್ ಎಂದು ಒತ್ತಿದ ಕೂಡಲೇ ಅಲ್ಲಿ ಒಂದು ಹಳದಿ ಚೌಕ ಏಳುತ್ತದೆ: ‘ಮಾಹಿತಿಗಾಗಿ. ಈ ತಿಂಗಳು ನೀವು ಸಹೋದ್ಯೋಗಿಗಳಿಗಿಂತ ಹೆಚ್ಚು ಸ್ಕ್ಯಾನ್ ಬರೆದಿದ್ದೀರಿ. ಮುಂದುವರಿಯುವಿರಾ?’ ಸರಾಸರಿಗಿಂತ ಮೇಲಿದ್ದ ವೈದ್ಯರ ಹೆಸರು ಆ ತಿಂಗಳು ಕೆಂಪಾಗುತ್ತದೆ; ಮೂರು ತಿಂಗಳು ಕೆಂಪಾದರೆ ಅದು ನಮ್ಮ ಆ್ಯಪಿನ ಮೊದಲ ಪಟ್ಟಿಯಿಂದ ಜಾರಿ, ಯಾರೂ ತೆರೆದು ನೋಡದ ಎರಡನೇ ಪಟ್ಟಿಗೆ ಬೀಳುತ್ತದೆ. ರೋಗಿಗಳು ಬರುವುದಿಲ್ಲ. ಕ್ಲಿನಿಕ್ಕಿನ ಮಾಲೀಕರು ಮಿಕ್ಕಿದ್ದನ್ನು ನೋಡಿಕೊಳ್ಳುತ್ತಾರೆ.

ಆ ಹಳದಿ ಚೌಕದ ಮಾತುಗಳನ್ನು ಬರೆದವಳು ನಾನು. ಮೊದಲು ‘ಎಚ್ಚರಿಕೆ’ ಎಂದಿದ್ದುದನ್ನು ‘ಮಾಹಿತಿಗಾಗಿ’ ಎಂದು ಮೆದುಗೊಳಿಸಿದವಳೂ ನಾನೇ. ನೀವು ಎಲ್ಲರೆದುರು ನನ್ನನ್ನು ಹೊಗಳಿದಿರಿ. ನನಗೆ ಹೆಮ್ಮೆಯೂ ಆಗಿತ್ತು.

ಈಗ ನನ್ನ ಗಂಡನ ವಿಷಯ. ಪೃಥ್ವಿರಾಜ್ ಅಲ್ ಶಮಾಲ್‌ನ ಒಂದು ಬಿಡಿಭಾಗಗಳ ಗೋದಾಮಿನಲ್ಲಿ ಉಸ್ತುವಾರಿ. ಶುಕ್ರವಾರ ಬಂದರೆ ವಾಲಿಬಾಲ್. ನಲವತ್ತಮೂರನೇ ವಯಸ್ಸಿನಲ್ಲೂ ನೆಟ್ಟಿನ ಮೇಲೆ ಎದ್ದು ಹೊಡೆದರೆ ಎದುರಿನವರು ಬಗ್ಗುತ್ತಿದ್ದರು. ಕಳೆದ ಫೆಬ್ರವರಿಯಲ್ಲಿ ಸೊಂಟ ಹಿಡಿಯಿತು, ನೋವು ಕಾಲಿಗಿಳಿಯಿತು. ಮೊದಲ ಸಲ ಒಬ್ಬನೇ ಹೋಗಿ ಮಾತ್ರೆ ತಂದ. ಹತ್ತು ದಿನದ ಮೇಲೆ ಎಡಪಾದ ಮೆಟ್ಟಿಲಿಗೆ ತಾಗತೊಡಗಿತು. ಎರಡನೇ ಸಲ ನಾನೂ ಜೊತೆಗೆ ಹೋದೆ.

ಬಿನ್ ಮಹಮೂದ್‌ನ ನಮ್ಮ ಮನೆಯಿಂದ ನಾಲ್ಕು ಹೆಜ್ಜೆಯ ಕ್ಲಿನಿಕ್ ಅದು. ಮೂಳೆತಜ್ಞ ಡಾಕ್ಟರ್ ಟೋನಿ ನಮ್ಮ ಮಂಗಳೂರಿನವರೇ. ಪಾದವನ್ನು ಹಿಡಿದು, “ಮೇಲೆ ಎತ್ತಿ ನೋಡುವ” ಎಂದರು. ಪೃಥ್ವಿ ಹಲ್ಲು ಕಚ್ಚಿದ. ಪಾದ ಅರ್ಧಕ್ಕೆ ನಿಂತಿತು. ಡಾಕ್ಟರ ಮುಖ ಸಣ್ಣದಾಯಿತು. “ಒಂದು ಎಂಆರ್‌ಐ ಮಾಡುವ” ಎನ್ನುತ್ತಾ ಕಂಪ್ಯೂಟರಿಗೆ ತಿರುಗಿದರು. ಚೌಕ ಎದ್ದಿತು. ನಾನು ಕೂತ ಕುರ್ಚಿಯಿಂದ ಅದು ಸ್ಪಷ್ಟವಾಗಿ ಕಾಣುತ್ತಿತ್ತು. ಅವರು ಸ್ವಲ್ಪ ಹೊತ್ತು ಅದನ್ನೇ ನೋಡಿದರು. ಆಮೇಲೆ ಪರದೆಯನ್ನು ಮೆಲ್ಲಗೆ ತಮ್ಮ ಕಡೆಗೆ ತಿರುಗಿಸಿಕೊಂಡು, “ಸದ್ಯಕ್ಕೆ ಬೇಡ ಅಲ್ಲವಾ? ಎರಡು ವಾರ ಫಿಸಿಯೋ ಮಾಡಿ ನೋಡುವ” ಎಂದರು.

ನಾನು ಬಾಯಿ ಬಿಡಲಿಲ್ಲ. ಏಕೆ ಎಂದು ನೂರು ಸಲ ಕೇಳಿಕೊಂಡಿದ್ದೇನೆ. ಚೌಕ ಸುಮ್ಮನೆ ಮಾಹಿತಿಗಾಗಿ, ತೀರ್ಮಾನ ವೈದ್ಯರದ್ದೇ ಎಂದು ಎರಡು ವರ್ಷ ಎಲ್ಲರಿಗೂ ಹೇಳಿ ಹೇಳಿ ನಾನೂ ಅದನ್ನು ನಂಬಿಬಿಟ್ಟಿದ್ದೆ.

ಒಂಬತ್ತನೇ ದಿನ ಶುಕ್ರವಾರ. ಬೆಳಿಗ್ಗೆ ಬಚ್ಚಲಿನಿಂದ ಪೃಥ್ವಿ ಕರೆದ. “ನಿಶ್ಮಿತಾ, ಎಂತದೋ ಆಗಿದೆ ಮಾರಾಯ್ತಿ. ಮೂತ್ರ ಬರುದಿಲ್ಲ. ಕೂತದ್ದೂ ಗೊತ್ತಾಗುದಿಲ್ಲ.” ತೊಡೆಗಳ ನಡುವೆ ಸ್ಪರ್ಶವೇ ಇರಲಿಲ್ಲ. ಪಕ್ಕದ ಮನೆಯ ಯಾಕೂಬ್ ಅವನನ್ನು ಹೆಗಲ ಮೇಲೆ ಹಾಕಿಕೊಂಡು ಮೂರು ಮಹಡಿ ಇಳಿಸಿ, ಸರ್ಕಾರಿ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಒಯ್ದರು. ಅಲ್ಲಿ ಯಾರ ಪರದೆಯ ಮೇಲೂ ಚೌಕ ಏಳಲಿಲ್ಲ. ಒಂದು ಗಂಟೆಯೊಳಗೆ ಸ್ಕ್ಯಾನ್, ಸಂಜೆಯೊಳಗೆ ಶಸ್ತ್ರಚಿಕಿತ್ಸೆ. ಬೆನ್ನಿನ ಡಿಸ್ಕ್ ಜಾರಿ ನರಗಳ ಗೊಂಚಲನ್ನೇ ಹಿಸುಕಿತ್ತು. “ಪಾದ ಸೋತಾಗಲೇ ಕರೆತರಬೇಕಿತ್ತಲ್ಲ?” ಎಂದು ಅಲ್ಲಿಯ ಸರ್ಜನ್ ನನ್ನನ್ನು ಕೇಳಿದರು. ಪೃಥ್ವಿ ಆಪರೇಷನ್ ಥಿಯೇಟರಿನಲ್ಲಿದ್ದಾಗ ಅವನ ಫೋನಿಗೆ ನಮ್ಮ ಆ್ಯಪಿನಿಂದ ಸಂದೇಶ ಬಂತು: ‘ಪೃಥ್ವಿರಾಜ್, ಇಂದಿನ ಮೂರು ಸಾವಿರ ಹೆಜ್ಜೆ ಬಾಕಿ ಇದೆ!’

ಮೂತ್ರ ಸರಿಯಾಗಲು ಐದು ತಿಂಗಳು ಹಿಡಿಯಿತು. ಪಾದ ಸರಿಯಾಗಲಿಲ್ಲ. ಈಗ ಬೂಟಿನೊಳಗೆ ಪ್ಲಾಸ್ಟಿಕ್ ಪಟ್ಟಿ ಕಟ್ಟಿಕೊಂಡು ನಡೆಯುತ್ತಾನೆ. ಶುಕ್ರವಾರ ಕುರ್ಚಿಯಲ್ಲಿ ಕೂತು ಪಂದ್ಯದ ಅಂಕ ಬರೆಯುತ್ತಾನೆ.

ನಾನು ನಿಮ್ಮ ಕೊಠಡಿಗೆ ಬಂದು ಮೇಲ್ಮನವಿಯ ಅರ್ಜಿ ಮುಂದಿಟ್ಟ ದಿನ ನೀವು ಎದ್ದು ನಿಂತು ನೀರು ಕೊಟ್ಟಿರಿ. ಆಮೇಲೆ ಹೇಳಿದಿರಿ: “ರಿಯಲಿ ಸಾರಿ ಕಣಮ್ಮಾ. ಆದ್ರೆ ನಮ್ಮ ಸಿಸ್ಟಮ್‌ನಲ್ಲಿ ರಿಜೆಕ್ಷನ್ನೇ ಇಲ್ವಲ್ಲ. ಸ್ಕ್ಯಾನ್ ರಿಕ್ವೆಸ್ಟೇ ಬಂದಿಲ್ಲ. ಯಾವುದರ ಮೇಲೆ ಅಪೀಲ್ ಹಾಕ್ತೀಯಾ?”

ಹೌದಲ್ಲ! ಯಾರೂ ತಿರಸ್ಕರಿಸಲಿಲ್ಲ, ಹಾಗಾಗಿ ಯಾರೂ ತಪ್ಪು ಮಾಡಲಿಲ್ಲ. ಜನರ ಸಿಟ್ಟಿನಿಂದ ನೀವು ಕಲಿತದ್ದು ಇಷ್ಟೇ ಅಲ್ಲವೇ? ಮೊದಲು ಬಾಗಿಲು ಹಾಕಿರುತ್ತಿದ್ದಿರಿ, ಜನ ಬಡಿಯುತ್ತಿದ್ದರು. ಈಗ ಬಾಗಿಲು ತೆರೆದಿದೆ, ಹೊಸ್ತಿಲಲ್ಲಿ ಹೆದರಿದ ವೈದ್ಯರನ್ನು ನಿಲ್ಲಿಸಿದ್ದೀರಿ. ಯಾರನ್ನು ಬಡಿಯಬೇಕು?

ನಾನು ಅವರನ್ನೇ ಬಡಿಯಲೆಂದು ಹೋದೆ. ಡಾಕ್ಟರ್ ಟೋನಿ ಕೂರಲು ಹೇಳಿ, ಬಾಗಿಲು ಹಾಕಿ, ತಲೆ ತಗ್ಗಿಸಿದರು. “ಎರಡು ತಿಂಗಳು ನನ್ನ ಹೆಸರು ಕೆಂಪಿನಲ್ಲಿ ಇತ್ತು. ಮೂರನೇದೂ ಆದ್ರೆ ಲಿಸ್ಟಿಂದ ತೆಗೀತಾರೆ, ಮತ್ತೆ ಕೆಲಸ ಹೋಗ್ತದೆ, ವೀಸಾ ಖಲಾಸ್. ನಾನು ಹೆದರಿದೆ ನಿಶ್ಮಿತಾ. ಅದು ಇಲ್ಲ ಅಂತ ಹೇಳ್ಲಿಕ್ಕೆ ಆಗುದಿಲ್ಲ.” ಅದನ್ನೇ ಬರೆದುಕೊಡಿ ಎಂದೆ. ಬರೆದು, ಸಹಿ ಹಾಕಿ ಕೊಟ್ಟರು. ನೀವು ಕುಗ್ಗಿಸಿದ ಮನುಷ್ಯ ನನ್ನೆದುರು ಸ್ವಲ್ಪ ನೆಟ್ಟಗಾದದ್ದನ್ನು ಕಂಡೆ. ನಾನು ಅವರನ್ನು ಬಿಟ್ಟೆ. ನಿಮ್ಮನ್ನು ಬಿಡುವುದಿಲ್ಲ.

ನಾನು ನಿಮ್ಮಲ್ಲಿ ಕೆಲಸ ಬಿಟ್ಟ ಮರುವಾರದಿಂದ ಪ್ರತಿ ಶುಕ್ರವಾರ ನಮ್ಮ ನಡುಮನೆಯಲ್ಲಿ ಜನ ಕೂರುತ್ತಾರೆ. ಅವರಿಗೆ ಒಂದೇ ಮಾತು ಕಲಿಸುತ್ತೇನೆ. ಡಾಕ್ಟರು ಸ್ಕ್ಯಾನ್ ಬೇಡ ಎಂದರೆ ಜಗಳ ಆಡಬೇಡಿ. “ಯೋಚಿಸಿದ್ದೇನೆ, ಇಂಥ ಕಾರಣಕ್ಕೆ ಬೇಡವೆಂದಿದ್ದೇನೆ ಅಂತ ನನ್ನ ಫೈಲಿನಲ್ಲಿ ಬರೆದು ಸಹಿ ಹಾಕಿ” ಎನ್ನಿ. ಟ್ರಕ್ ಓಡಿಸುವ ಸಂಕಪ್ಪ ಎರಡು ತಿಂಗಳಿನ ತಲೆನೋವು ಹೊತ್ತು ಬಂದಿದ್ದರು. ಆ ಮಾತನ್ನು ಬಸ್ಸಿನಲ್ಲಿ ಬಾಯಿಪಾಠ ಮಾಡುತ್ತಾ ಹೋದರು. ಡಾಕ್ಟರು ಪೆನ್ನು ತೆಗೆದುಕೊಂಡರು, ಕೆಳಗಿಟ್ಟರು, ಸ್ಕ್ಯಾನ್ ಬರೆದರು. ಗಡ್ಡೆ ಚಿಕ್ಕದಿರುವಾಗಲೇ ಸಿಕ್ಕಿತು. ಹೀಗೆ ಇದುವರೆಗೆ ಅರವತ್ತಮೂರು ಜನ. ಅವರು ಬೇರೆಯವರಿಗೆ ಕಲಿಸಿದ್ದು ನನ್ನ ಎಣಿಕೆಯಲ್ಲಿಲ್ಲ. ಮಲಯಾಳಂ, ಹಿಂದಿ, ನೇಪಾಳಿಯಲ್ಲೂ ಆ ಮಾತು ಓಡಾಡುತ್ತಿದೆ.

ಇದರ ಫಲ ಏನೆಂದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಎಲ್ಲ ವೈದ್ಯರೂ ಒಟ್ಟಿಗೆ ಹೆಚ್ಚು ಬರೆದರೆ ಸರಾಸರಿಯೇ ಮೇಲೆ ಹೋಗುತ್ತದೆ. ಸರಾಸರಿಯೇ ಮೇಲೆ ಹೋದರೆ ಯಾರ ಹೆಸರನ್ನು ಕೆಂಪು ಮಾಡುತ್ತೀರಿ? ನಿಮ್ಮ ಮಹಡಿಯಿಂದಲೇ ಒಬ್ಬರು ಮೊನ್ನೆ ಫೋನ್ ಮಾಡಿದ್ದರು. “ಎಲ್ಲರ ಗ್ರಾಫೂ ಮೇಲೆ ಹೋಗ್ತಾ ಉಂಟು ಮಾರಾಯ್ತಿ. ಬಾಸ್ ಮೀಟಿಂಗನ್ನೇ ಮುಂದೆ ಹಾಕ್ತಾ ಇದ್ದಾರೆ.” ಯಾರೆಂದು ಹುಡುಕಬೇಡಿ. ಆ ಮಾತು ಕೇಳಿದ ದಿನ ನಾನು ಹೊಟ್ಟೆ ತುಂಬ ಊಟ ಮಾಡಿದೆ.

“ಅವರಿಗೆ ಶಾಪ ಹಾಕಬೇಡ, ಅವರಿಗೂ ಮಕ್ಕಳು ಉಂಟು” ಎನ್ನುತ್ತಾನೆ ಪೃಥ್ವಿ. ಅವನು ಒಳ್ಳೆಯವನು. ನಾನು ಅಷ್ಟು ಒಳ್ಳೆಯವಳಲ್ಲ. ನನಗೆ ನಿಮ್ಮ ಕ್ಷಮಾಪಣೆ ಬೇಡ, ಹೂಗುಚ್ಛ ಬೇಡ. ಆ ಹಳದಿ ಚೌಕವನ್ನು ತೆಗೆಯಿರಿ. ಎರಡನೇ ಪಟ್ಟಿಗೆ ತಳ್ಳಿದ ವೈದ್ಯರನ್ನು ಮರಳಿ ತನ್ನಿ. ಬೇಡ ಎನ್ನುವುದಿದ್ದರೆ ನಿಮ್ಮ ಕಂಪನಿಯೇ ಕಾಗದದ ಮೇಲೆ, ಕಾರಣ ಕೊಟ್ಟು, ಕೆಳಗೆ ಒಬ್ಬ ಮನುಷ್ಯನ ಹೆಸರು ಬರೆದು ಹೇಳಲಿ. ಆ ಮನುಷ್ಯನ ಮೇಲೆ ನಾವು ಮೇಲ್ಮನವಿ ಹಾಕಿಕೊಳ್ಳುತ್ತೇವೆ.

ಮೂವತ್ತು ದಿನ ಕಾಯುತ್ತೇನೆ. ಮೂವತ್ತೊಂದನೇ ದಿನ ಡಾಕ್ಟರ್ ಟೋನಿಯವರ ಹೇಳಿಕೆ ಮತ್ತು ನನ್ನ ಹೇಳಿಕೆ ಎರಡೂ ಆರೋಗ್ಯ ಇಲಾಖೆಗೆ, ನಿಮ್ಮ ಯೋಜನೆ ಕೊಂಡಿರುವ ಪ್ರತಿಯೊಂದು ಕಂಪನಿಗೆ ಹೋಗುತ್ತವೆ. ನನ್ನ ಹೇಳಿಕೆಯಲ್ಲಿ ನಾನು ಮಾಡಿದ್ದನ್ನೆಲ್ಲ ಬರೆದಿದ್ದೇನೆ, ಒಂದಕ್ಷರ ಮುಚ್ಚಿಟ್ಟಿಲ್ಲ. ನನ್ನನ್ನು ಹೆದರಿಸಲು ನಿಮ್ಮ ಬಳಿ ಇನ್ನೇನೂ ಉಳಿದಿಲ್ಲ. ವಿಚಾರಣೆಗೆ ಕರೆದರೆ ಮೊದಲು ಹೋಗಿ ಕೂರುವವಳು ನಾನು. ಪಕ್ಕದ ಕುರ್ಚಿಯನ್ನು ನಿಮಗಾಗಿ ಹಿಡಿದಿಟ್ಟಿರುತ್ತೇನೆ.

ಇಂತಿ,
ನಿಮ್ಮ ಜೊತೆ ಆರೋಪಿಯಾಗಲು ಒಪ್ಪಿರುವ,
ನಿಶ್ಮಿತಾ
ಬಿನ್ ಮಹಮೂದ್, ದೋಹಾ