ನಾನು ಮಾಡಿಸದ ಆಣೆ

ಶಿಕಾರಿಪುರ
೨-೧೨-೧೯೫೮, ಮಂಗಳವಾರ

ಪ್ರೀತಿಯ ತಂಗಿ ನೀಲಾಂಬಿಕಳಿಗೆ ನಿನ್ನ ಅಕ್ಕ ವೀರಮ್ಮನ ಆಶೀರ್ವಾದ.

ಜ್ವರ ಇಳಿಯಿತೇ? ಆನವಟ್ಟಿಯ ನೆಂಟರ ಮದುವೆಗೆ ಸೊರಬದಿಂದ ನಿಮ್ಮ ಮನೆಯವರೆಲ್ಲ ಬಂದರೂ ನೀನೊಬ್ಬಳೇ ಬರಲಿಲ್ಲ. ನಿಮ್ಮ ಅತ್ತೆಯವರನ್ನು ಕೇಳಿದೆ. ಮೈ ಬೆಚ್ಚಗಿತ್ತು, ಬಸ್ಸಿನ ಗಾಳಿ ಬೇಡ ಅಂತ ಬಿಟ್ಟು ಬಂದೆವು ಅಂದರು. ಶುಂಠಿ ಮೆಣಸಿನ ಕಷಾಯ ಕುಡಿ. ಅದು ನಿನಗೆ ಸೇರುವುದಿಲ್ಲ ಅಂತ ಗೊತ್ತು, ಚಿಕ್ಕವಳಿದ್ದಾಗ ಬಾಯಲ್ಲಿಟ್ಟುಕೊಂಡು ಹಿತ್ತಲಿಗೆ ಓಡಿಹೋಗಿ ಉಗುಳಿ ಬರುತ್ತಿದ್ದೆ; ಬೆಲ್ಲ ಹಾಕಿಕೊಂಡಾದರೂ ಕುಡಿ. ಇಲ್ಲಿ ಅವ್ವನ ಮೊಣಕಾಲು ನೋವು ಹಾಗೇ ಇದೆ. ಅಪ್ಪ ಚೆನ್ನಾಗಿದ್ದಾರೆ. ಅಂಗಡಿಗೆ ದಾವಣಗೆರೆಯಿಂದ ಹೊಸ ಬಟ್ಟೆ ಬಂದಿದೆ, ಬಂದವರಿಗೆಲ್ಲ ಥಾನು ಬಿಚ್ಚಿ ತೋರಿಸುವುದೇ ಕೆಲಸ. ಕರಿ ಎಮ್ಮೆ ಹೆಣ್ಣು ಕರು ಹಾಕಿದೆ. ಗಿಣ್ಣು ಮಾಡಿದ ದಿನ ಅವ್ವ ನಿನ್ನ ಹೆಸರು ಹೇಳಿ ಒಂದು ಚೂರು ತೆಗೆದಿಟ್ಟಳು, ಆಮೇಲೆ ಅದನ್ನು ನಾನೇ ತಿಂದೆ.

ಈ ಕಾಗದವನ್ನು ಕಾರ್ಡಿನಲ್ಲಿ ಬರೆಯದೆ ಲಕೋಟೆಗೆ ಹಾಕಿ ಅಂಟಿಸುತ್ತೇನೆ. ಒಬ್ಬಳೇ ಇದ್ದಾಗ ಓದು.

ಮದುವೆ ಚೆನ್ನಾಗಿಯೇ ಆಯಿತು. ಊಟವಾದ ಮೇಲೆ ನಾನು ಹಿತ್ತಲಲ್ಲಿ ಹಂಡೆಯ ಹತ್ತಿರ ಕೈ ತೊಳೆಯುತ್ತಿದ್ದೆ. ನಿನ್ನ ಯಜಮಾನರು ಬಂದರು. ಗಂಗಾಧರಪ್ಪನವರು ನನ್ನ ಹತ್ತಿರ ನಾಲ್ಕು ಮಾತಾಡಿದ್ದು ಅದೇ ಮೊದಲು. ಹೆಗಲ ಮೇಲಿನ ಟವಲು ತೆಗೆದು ಕೈಯಲ್ಲಿ ಹಿಡಿದುಕೊಂಡು, ಮೇಷ್ಟ್ರ ಮುಂದೆ ನಿಂತವರ ಹಾಗೆ ನಿಂತು, "ಅಕ್ಕಾರೇ, ಒಂದು ಮಾತು ಕೇಳಬೇಕಿತ್ತು, ತಪ್ಪು ತಿಳ್ಕೋಬೇಡ್ರಿ" ಅಂದರು. ನಿನ್ನ ಜ್ವರದ ವಿಷಯ ಇರಬೇಕು ಅಂತ ನನಗೆ ಗಾಬರಿಯಾಯಿತು. ಅದಲ್ಲ. "ನೀಲಾ ಎಲ್ಲಾ ಹೇಳಿದ್ಲು ರೀ. ಅವಳು ಅಷ್ಟು ಚೆಂದ ನುಡಿಸೋದು ಕೇಳಿದ್ರೆ ನಿಮಗೆ ಸಂಕಟ ಆಗ್ತಿತ್ತಂತೆ. ನಿಮಗೆ ಮದುವೆ ಆಗೋವರೆಗೂ ವೀಣೆ ಮುಟ್ಟಲ್ಲ ಅಂತ ನಿಮ್ಮ ತಲೆ ಮೇಲೆ ಕೈ ಇಡಿಸಿ ಆಣೆ ಮಾಡಿಸಿದ್ರಂತೆ. ನಿಮ್ಮ ನೋವು ನನಗೆ ಅರ್ಥ ಆಗ್ತದೆ, ಸಿಟ್ಟಿಲ್ಲ. ಆದ್ರೆ ಆ ವೀಣೆ ಬಟ್ಟೆ ಹೊದ್ದು ಮೂಲೇಲಿ ಕೂತದೆ. ನೋಡಿದ್ರೆ ಹೊಟ್ಟೆ ಉರೀತದೆ. ಆಣೆ ಬಿಡಿಸ್ರಿ ಅಕ್ಕಾರೇ." ಚೊಂಬಿನ ನೀರೆಲ್ಲ ನನ್ನ ಕಾಲ ಮೇಲೆ ಚೆಲ್ಲಿಹೋಯಿತು.

ಎಷ್ಟು ಯೋಚಿಸಿ ಹೇಳಿದ್ದೀಯ, ನೀಲಾ. ನನಗೆ ಮದುವೆ ಆಗುವವರೆಗೂ! ಚಿಕ್ಕಂದಿನಲ್ಲಿ ಸಿಡುಬು ಎದ್ದು ಮುಖದ ತುಂಬ ಕುಳಿ ಬಿದ್ದವಳಿಗೆ, ನೋಡಲು ಬಂದ ಎರಡು ಗಂಡುಗಳೂ ಉಪ್ಪಿಟ್ಟು ತಿಂದು ಎದ್ದುಹೋದವಳಿಗೆ, ಇಪ್ಪತ್ತೇಳು ತುಂಬಿದವಳಿಗೆ ಇನ್ನು ಯಾರು ತಾಳಿ ಕಟ್ಟುತ್ತಾರೆ? ಒಂದು ವರ್ಷ, ಎರಡು ವರ್ಷ ಅಂತ ಹೇಳಿದ್ದರೆ ಅದು ಎಂದಾದರೂ ಮುಗಿಯುತ್ತಿತ್ತು. ಮುಗಿಯದ ಗಡುವು ಯಾವುದು ಅಂತ ಹುಡುಕಿದಾಗ ನಿನಗೆ ನನ್ನ ಮುಖ ನೆನಪಿಗೆ ಬಂತಲ್ಲ.

ನಡೆದದ್ದನ್ನು ಇಲ್ಲಿ ಬರೆಯುತ್ತೇನೆ. ನಿನಗೆ ಗೊತ್ತಿಲ್ಲದ್ದು ಅಂತ ಅಲ್ಲ. ಹೀಗೆ ಹೇಳಿ ಹೇಳಿ ನೀನೇ ಅದನ್ನು ನಂಬಿಬಿಟ್ಟಿರಬಹುದು ಅಂತ.

ಮೂರು ವರ್ಷದ ಹಿಂದೆ ಬೇಸಾಯದ ಇಲಾಖೆಯ ಇನ್ಸ್‌ಪೆಕ್ಟರೊಬ್ಬರು ಮೈಸೂರು ಕಡೆಯಿಂದ ನಮ್ಮೂರಿಗೆ ವರ್ಗವಾಗಿ ಬಂದರು. ಅವರ ಹೆಂಡತಿ ರಾಜೇಶ್ವರಮ್ಮನವರು ಜಗಲಿಯಲ್ಲಿ ಚಾಪೆ ಹಾಸಿ ಹೆಂಗಸರಿಗೆ ವೀಣೆ ಹೇಳಿಕೊಡಲು ಶುರು ಮಾಡಿದರು. ಈಗಿನ ಗಂಡಿನ ಕಡೆಯವರು ಸಂಗೀತ ಬರುತ್ತದಾ ಅಂತ ಕೇಳುತ್ತಾರೆ ಅಂತ ಅಪ್ಪ ಅವರ ಮೂಲಕವೇ ಮೈಸೂರಿನಿಂದ ನಿನಗೆ ವೀಣೆ ತರಿಸಿದರು. ನನಗೆ ಹೇಳಿದ್ದು, "ನೀನು ಜೊತೆಗೆ ಹೋಗು, ಬೆಳೆದ ಹುಡುಗಿ ಒಬ್ಬಳೇ ಪೇಟೆ ಬೀದಿ ದಾಟೋದು ಬೇಡ." ನಾನು ಹೋಗಿ ಜಗಲಿಯ ಕಂಬಕ್ಕೆ ಒರಗಿ ಅಕ್ಕಿ ಆರಿಸುತ್ತ ಕೂರುತ್ತಿದ್ದೆ. ಮೂರನೆಯ ಪಾಠದ ದಿನವೋ ನಾಲ್ಕನೆಯ ದಿನವೋ ರಾಜೇಶ್ವರಮ್ಮನವರು "ಆ ಮೊರ ಕೆಳಗಿಡಿ, ನೀವೂ ಬನ್ನಿ" ಅಂದರು. ನನ್ನದು ಅಂತ ಬೇರೆ ಫೀಸು ಕೇಳಲಿಲ್ಲ. ಹೆಣ್ಣುಮಕ್ಕಳ ಸ್ಕೂಲಿನ ಟೀಚರು ಹೂವಮ್ಮ, ಎಣ್ಣೆ ಗಾಣದ ಮನೆಯ ಉಚ್ಚಂಗಮ್ಮ, ನೀನು, ನಾನು. ಎರಡೇ ವೀಣೆ. ಇಬ್ಬರು ನುಡಿಸಿದರೆ ಇನ್ನಿಬ್ಬರು ಸ್ವರ ಹೇಳುತ್ತ ತಾಳ ಹಾಕಬೇಕು. ಉಚ್ಚಂಗಮ್ಮನ ಬಳೆ ತಂತಿಗೆ ತಗುಲಿ ಝಣ್ ಅನ್ನುತ್ತಿತ್ತು, ಅವರು "ಅಯ್ಯೋ ಶಿವನೇ, ಗಾಣದ ಎತ್ತೇ ವಾಸಿ, ಹೇಳಿದ ಮಾತು ಕೇಳ್ತದೆ" ಅಂದರೆ ನಾವೆಲ್ಲ ತಾಳ ಬಿಟ್ಟು ನಗುತ್ತಿದ್ದೆವು. ನೀನೂ ನಗುತ್ತಿದ್ದೆ. ನನ್ನ ಮುಖ ನೋಡದೆ ನನ್ನ ಕೈ ನೋಡಿದವರು ನಾನು ಹುಟ್ಟಿದ ಮೇಲೆ ಆ ಜಗಲಿಯಲ್ಲಿ ಮಾತ್ರ ಸಿಕ್ಕಿದರು.

ನಿನಗೆ ವೀಣೆ ಬೇಕಾಗಿರಲಿಲ್ಲ. ಅದರಲ್ಲಿ ನಿನ್ನ ತಪ್ಪು ಇಲ್ಲ. ತಂತಿ ಒತ್ತಿ ಬೆರಳ ತುದಿಯಲ್ಲಿ ಗೆರೆ ಬಿದ್ದಾಗ ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಅಳುತ್ತಿದ್ದೆ. ಸರಳೆ ಮುಗಿದು ಎರಡನೆಯ ಪಾಠ ಜಂಟಿ ವರಸೆಗೆ ಬಂದು ನಿಂತುಬಿಟ್ಟೆ. ನನ್ನ ಬೆರಳೂ ನೋಯುತ್ತಿತ್ತು, ಆದರೆ ಪಾಠವಿಲ್ಲದ ದಿನ ಅದಕ್ಕಿಂತ ಹೆಚ್ಚು ಬೇಜಾರಾಗುತ್ತಿತ್ತು. ಎರಡನೆಯ ವರ್ಷ ರಾಜೇಶ್ವರಮ್ಮನವರು ನನಗೆ, ಆ ಪಾಠಗಳನ್ನೆಲ್ಲ ದಾಟಿದವರಿಗೆ ಮಾತ್ರ ಹೇಳುವ ಮೋಹನ ರಾಗದ ವರ್ಣ ಹೇಳಿಕೊಟ್ಟರು.

ಆಮೇಲೆ ಸೊರಬದ ಅಕ್ಕಿ ಗಿರಣಿಯವರು ನಿನ್ನನ್ನು ನೋಡಲು ಬಂದರು. ನೀನು ಒಳಕೋಣೆಯಲ್ಲಿ ಕನ್ನಡಿ ಮುಂದೆ ಇದ್ದೆ, ಅವ್ವ ಜಡೆಗೆ ಹೂ ಮುಡಿಸುತ್ತಿದ್ದಳು. ಅಪ್ಪ ಬಾಗಿಲಲ್ಲಿ ತಲೆ ಹಾಕಿ ನನಗೆ ಹೇಳಿದರು, "ಸುಮ್ಮನೆ ಕೂತಿದ್ದೀಯಲ್ಲ, ಆ ವರ್ಣ ನುಡಿಸು. ಬಂದವರಿಗೂ ಹೊತ್ತು ಹೋಗಲಿ." ನನಗೆ ಸಂತೋಷವಾಯಿತು. ಅಪ್ಪ ಯಾವತ್ತೂ ನನಗೆ ನುಡಿಸು ಅಂದಿರಲಿಲ್ಲ. ನಾನು ನುಡಿಸುತ್ತ ಹೋದಂತೆ ಪಡಸಾಲೆಯಲ್ಲಿ ಮಾತು ನಿಂತುಹೋಯಿತು. ನಿನ್ನ ಮಾವನವರ ಧ್ವನಿ ಗೋಡೆಯಾಚೆಯಿಂದ ಕೇಳಿತು: "ಹುಡುಗೀನೇ ಏನ್ರಿ ನುಡಿಸ್ತಿರೋದು?" ಅಪ್ಪ ತಡವರಿಸಲೂ ಇಲ್ಲ. "ಹೂಂ ರೀ, ನಮ್ಮ ಮಗಳೇ." ನನ್ನ ಕೈ ತಂತಿಯ ಮೇಲೆ ನಿಂತಿತು. ಅವ್ವ ಬಂದು ನನ್ನ ಹೆಗಲು ಒತ್ತಿದಳು. ನೀನು ಕನ್ನಡಿಯಲ್ಲಿ ನನ್ನ ಕಡೆ ನೋಡಿದೆ, ನಿನ್ನ ತುಟಿ ಬೆಳ್ಳಗಾಗಿತ್ತು. ನಾನು ವರ್ಣ ಮುಗಿಸಿದೆ. ನೀನು ತಲೆ ತಗ್ಗಿಸಿ ಹೊರಗೆ ಹೋದೆ. ಎದುರಿಗೆ ಇನ್ನೊಂದು ನುಡಿಸಲಿ ಅಂತ ಯಾರೋ ಹೆಂಗಸರು ಕೇಳಿದರು. ಗಂಗಾಧರಪ್ಪನವರೇ "ಬೇಡ ಬಿಡ್ರಿ, ಕೇಳಿದ್ದಾಯ್ತಲ್ಲ, ಬೆರಳು ನೋಯ್ತಾವೆ" ಅಂದರು. ಒಳ್ಳೆಯ ಮನುಷ್ಯ. ಅಂಥವರಿಗೆ ಮೋಸ ಮಾಡುವುದು ಸುಲಭ. ಬಂದವರು ಗಾಡಿ ಹತ್ತುವವರೆಗೂ ನಾನು ಆ ಕೋಣೆಯಿಂದ ಹೊರಗೆ ಬರುವ ಹಾಗಿರಲಿಲ್ಲ. ಸಂಜೆ ಅಪ್ಪನನ್ನು ಕೇಳಿದಾಗ ಅವರಿಗೆ ಸಿಟ್ಟೇ ಬಂತು. "ಸುಳ್ಳೇನು ಹೇಳಿದೆ? ಮಗಳು ಅಂದೆ. ನೀನು ನನ್ನ ಮಗಳಲ್ಲವಾ?" ಆವತ್ತು ಒಂದು ದಿನ ಮಾತ್ರ ನಾನು ಅವರ ಮಗಳಾದೆ.

ಮದುವೆಯಾಗಿ ವೀಣೆ ನಿನ್ನ ಪಾತ್ರೆ ಪಡಗದ ಜೊತೆ ಸೊರಬಕ್ಕೆ ಹೋಯಿತು. ಕಂಬಳಿಯಲ್ಲಿ ಸುತ್ತಿ, ಬಿರಡೆಗಳಿಗೆ ಬಟ್ಟೆ ಕಟ್ಟಿ ಲಾರಿಗೆ ಹತ್ತಿಸಿದವಳು ನಾನೇ. ಆಮೇಲೆ ಒಂದು ವರ್ಷ ರಾಜೇಶ್ವರಮ್ಮನವರು ತಮ್ಮ ವೀಣೆಯಲ್ಲೇ ನನಗೆ ಹೇಳಿಕೊಟ್ಟರು. ಅವರಿಗೂ ವರ್ಗವಾಯಿತು. ಹೋಗುವ ಮೊದಲು ಅಂಗಡಿಗೇ ಬಂದು ಅಪ್ಪನಿಗೆ ಹೇಳಿದರು, ಇವಳಿಗೊಂದು ವೀಣೆ ಕೊಡಿಸಿ, ಪರೀಕ್ಷೆಗೆ ಕೂರಲಿ, ನಾಳೆ ನಾಲ್ಕು ಮಕ್ಕಳಿಗೆ ಹೇಳಿಕೊಡುತ್ತಾಳೆ ಅಂತ. ಅಪ್ಪ ಬಟ್ಟೆ ಮಡಿಸುತ್ತ, "ಇವಳಿಗ್ಯಾಕಮ್ಮ? ಯಾರು ನೋಡಬೇಕು?" ಅಂದರು. ನಾನು ಅಲ್ಲೇ ನಿಂತಿದ್ದೆ. ರಾಜೇಶ್ವರಮ್ಮನವರು "ವೀಣೆ ಕೇಳೋದಕ್ಕೆ ಇರೋದು ಸ್ವಾಮಿ, ನೋಡೋದಕ್ಕಲ್ಲ" ಅಂದು ಮೆಟ್ಟಿಲಿಳಿದು ಹೋದರು. ಅಪ್ಪ ಎಷ್ಟೋ ದಿನ ಆ ಮಾತನ್ನು ಆಡಿಕೊಂಡು ನಕ್ಕರು. ಈಗ ನಾನು ರೊಟ್ಟಿ ತಟ್ಟಿ ಮುಗಿಸಿ ಕೂತಾಗ ಬೆರಳು ತಾವಾಗಿ ಮೊಣಕಾಲ ಮೇಲೆ ಆಡುತ್ತವೆ. ಅವ್ವ ಕಂಡರೂ ಕಾಣದ ಹಾಗೆ ಎದ್ದುಹೋಗುತ್ತಾಳೆ.

ಇದನ್ನೆಲ್ಲ ನಿನ್ನ ಯಜಮಾನರಿಗೆ ಆ ಹಂಡೆಯ ಹತ್ತಿರವೇ ಹೇಳಿಬಿಡಬಹುದಿತ್ತು. ಬಾಯಿಯವರೆಗೂ ಬಂತು. ಅಷ್ಟರಲ್ಲಿ ನಿಮ್ಮ ಅತ್ತೆ ಮಾವ ಹಿತ್ತಲ ಬಾಗಿಲಿಗೆ ಬಂದರು, ಎಲೆ ಅಡಿಕೆ ತಟ್ಟೆ ಹಿಡಿದ ಹೆಂಗಸರೆಲ್ಲ ಈ ಕಡೆಯೇ ನೋಡುತ್ತಿದ್ದರು. ಅವರ ಮುಂದೆ ನಿನ್ನ ಮಾನ ತೆಗೆಯಲು ನನ್ನಿಂದ ಆಗಲಿಲ್ಲ. "ಆಣೆ ಇವತ್ತಿಗೆ ಬಿಟ್ಟಿತು ಅಂತ ಅವಳಿಗೆ ಹೇಳ್ರಿ" ಅಂದೆ. ಅವರು ಎರಡೂ ಕೈ ಮುಗಿದರು. "ನೀವು ದೊಡ್ಡವರು ಅಕ್ಕಾರೇ" ಅಂದರು. ತಂಗಿಯ ಭಾಗ್ಯಕ್ಕೆ ಹೊಟ್ಟೆಕಿಚ್ಚು ಪಟ್ಟು, ಕೊನೆಗೆ ಮನಸ್ಸು ತೊಳೆದುಕೊಂಡ ಹೆಂಗಸು ನಾನು ಅವರ ಕಣ್ಣಿಗೆ. ಹಾಗೆ ಕೈ ಮುಗಿಯುವುದಕ್ಕಿಂತ ಅವರು ಬೈದಿದ್ದರೆ ಚೆನ್ನಾಗಿತ್ತು.

ಮನೆಗೆ ಬಂದ ಕೂಡಲೇ ಅವರು ನಿನಗೆ ಹೇಳಿರುತ್ತಾರೆ. ವೀಣೆಯ ಧೂಳು ಒರೆಸಿ ತಂದು ಎದುರಿಗಿಟ್ಟಿರುತ್ತಾರೆ. ಜ್ವರ ಇನ್ನೂ ಇಳಿದಿಲ್ಲ ಅಂತ ನೀನು ಮಲಗಿರುತ್ತೀಯ. ಹಾಗೆ ಎಷ್ಟು ದಿನ ಮಲಗುತ್ತೀ? ಅಪ್ಪ ನನ್ನನ್ನು ಬಚ್ಚಿಟ್ಟರು, ಸರಿ, ಅವರು ವ್ಯಾಪಾರಸ್ಥರು. ನೀನು ಹಾಗಲ್ಲ. ಸಿಡುಬಿನ ಕಲೆಯನ್ನು ಬೆರಳಿಂದ ಸವರಿ "ಅಕ್ಕಾ, ಇದು ನೋಯುತ್ತಾ?" ಅಂತ ಕೇಳುತ್ತಿದ್ದವಳು ನೀನೊಬ್ಬಳೇ. ಹೆದರಿ ಸುಳ್ಳು ಹೇಳಿದ್ದರೆ ನನಗೆ ಅರ್ಥವಾಗುತ್ತಿತ್ತು. ಕೈ ಉಳುಕಿದೆ ಅನ್ನಬಹುದಿತ್ತು, ಮರೆತುಹೋಯಿತು ಅನ್ನಬಹುದಿತ್ತು. ಅದನ್ನು ಬಿಟ್ಟು ನನ್ನನ್ನೇ ಹೊಟ್ಟೆಕಿಚ್ಚಿನವಳನ್ನಾಗಿ ಮಾಡಿದೆ. ಇದನ್ನು ನಾನು ಮರೆಯುತ್ತೇನೆ ಅಂತ ಬರೆದರೆ ಅದೂ ಸುಳ್ಳಾಗುತ್ತದೆ, ಹಾಗಾಗಿ ಬರೆಯುವುದಿಲ್ಲ.

ನಿಮ್ಮ ಅತ್ತೆ ಮಾವನವರಿಗೆ ನನ್ನ ಶರಣು ತಿಳಿಸು. ಬೆಳಿಗ್ಗೆ ತಣ್ಣೀರಲ್ಲಿ ಕೈಯಾಡಿಸಬೇಡ, ನಿನ್ನ ಮೈ ಎಂದೂ ತಡೆಯುವುದಿಲ್ಲ. ಶಿವ ನಿನ್ನನ್ನು ಚೆನ್ನಾಗಿಟ್ಟಿರಲಿ. ಈ ಮಾತನ್ನು ಮಾತ್ರ ಸಿಟ್ಟಿಲ್ಲದೆ ಬರೆಯುತ್ತಿದ್ದೇನೆ.

ನಿನ್ನ ಅಕ್ಕ,
ವೀರಮ್ಮ

ಮ. ಬ.: ಲಕೋಟೆ ಅಂಟಿಸಿದವಳು ಮತ್ತೆ ಬಿಡಿಸಿ ಬರೆಯುತ್ತಿದ್ದೇನೆ, ಟಪಾಲಿಗೆ ಹೊತ್ತಾಗುತ್ತಿದೆ. ಹೂವಮ್ಮ ಟೀಚರಿಗೆ ಸೊರಬಕ್ಕೆ ವರ್ಗವಾಗಿರುವುದು ನಿನಗೆ ಗೊತ್ತು. ಅಲ್ಲಿ ಹೆಂಗಸರ ಸಮಾಜ ಕಟ್ಟಿದ್ದಾರೆ, ಹೊಸದಾಗಿ ಕಲಿಯುವವರಿಗೆ ವೀಣೆ ಪಾಠ ಹೇಳಿಕೊಡಲು ಕಾಗದ ಬರೆದು ನನ್ನನ್ನು ಕರೆದಿದ್ದಾರೆ. ಪಾಠ ನಡೆಯುವುದು ನಿಮ್ಮ ಮನೆಯ ಪಡಸಾಲೆಯಲ್ಲಿ, ನಿಮ್ಮ ಮನೆಯ ವೀಣೆಯಲ್ಲಿ. ನಿಮ್ಮ ಅತ್ತೆಯವರು ಒಪ್ಪಿದ್ದಾರೆ. ಅಕ್ಕತಂಗಿಯರ ಮನಸ್ತಾಪ ತೀರಲಿ, ಮೊದಲ ದಿನ ನೀಲಾ ನುಡಿಸಿಯೇ ಶುರುವಾಗಲಿ ಅಂದವರು ನಿನ್ನ ಯಜಮಾನರಂತೆ. ನಾನು ಒಪ್ಪಿ ಉತ್ತರ ಹಾಕಿದ್ದಾಯಿತು. ಸೋಮವಾರ ಬೆಳಗಿನ ಬಸ್ಸಿಗೆ ಬರುತ್ತೇನೆ. ಇಳಿದುಕೊಳ್ಳುವುದು ಹೂವಮ್ಮನ ಬಿಡಾರದಲ್ಲಿ, ನಿಮ್ಮಲ್ಲಿ ಅಲ್ಲ. ಅಷ್ಟರೊಳಗೆ ನಿನ್ನ ಯಜಮಾನರಿಗೆ ನಿಜ ಹೇಳು. ನೀನೇ ಹೇಳಬೇಕು. ಹೇಳಿದರೆ ಕಲಿಯುವವರ ಸಾಲಿನಲ್ಲಿ ಬಂದು ಕೂರು, ಮೊದಲ ಪಾಠ ಸರಳೆಯಿಂದ ಹೇಳಿಕೊಡುತ್ತೇನೆ, ಎಲ್ಲರಿಗೆ ಹೇಳಿಕೊಟ್ಟ ಹಾಗೇ. ಹೇಳದಿದ್ದರೆ ನಾನು ಬಾಯಿ ಬಿಡುವುದಿಲ್ಲ, ಅವರು ನಿನ್ನನ್ನು ನೋಡಲು ಬಂದ ದಿನ ಗೋಡೆಯಾಚೆಯಿಂದ ಕೇಳಿದ ಆ ವರ್ಣವನ್ನು ಅವರೆದುರಿಗೆ ನುಡಿಸುತ್ತೇನೆ. ಅವರಿಗೆ ಕಿವಿ ಚೆನ್ನಾಗಿದೆ. ಅಪ್ಪನಿಗೆ ಇನ್ನೂ ತಿಳಿಸಿಲ್ಲ. ಅವ್ವನಿಗೆ ತಿಳಿಸಿದೆ. ಆ ಮೊಣಕಾಲಲ್ಲೇ ಅಟ್ಟ ಹತ್ತಿ ತನ್ನ ಟ್ರಂಕು ಇಳಿಸಿ ಕೊಟ್ಟಳು.