ಅರವತ್ತು ದಿನ ಮಲಗಿದ್ದವಳು

ತುಮಕೂರು
18-11-2025, ಮಂಗಳವಾರ

ಪ್ರೀತಿಯ ಅಮ್ಮನಿಗೆ ಮಾಲಿನಿಯ ನಮಸ್ಕಾರ.

ಫೋನ್ ಮಾಡಿದರೆ ನೀನು "ಹೂಂ" ಎಂದು ತಮ್ಮ ಚನ್ನೇಶನ ಕೈಗೆ ಕೊಟ್ಟುಬಿಡುತ್ತೀಯ. ಮೂರು ತಿಂಗಳಿಂದ ನಿನ್ನ ಬಾಯಿಂದ ಕೇಳಿರುವುದು ಅದೊಂದೇ. ಅದಕ್ಕೇ ಈ ಕಾಗದ. ಮೂವತ್ತು ವರ್ಷ ಅಂಗನವಾಡಿಯಲ್ಲಿ ಮಕ್ಕಳ ಸೊಟ್ಟ ಅಕ್ಷರ ನೋಡಿದವಳು ನೀನು, ಇದನ್ನೂ ಓದುತ್ತೀಯ.

ಮೊದಲು ಒಂದು ಸುಳ್ಳು ಒಪ್ಪಿಕೊಳ್ಳುತ್ತೇನೆ. ಗುಬ್ಬಿಯ ಸ್ಕೂಲಿಗೆ ರಜೆ ಹಾಕಿ ಪಿ.ಟಿ. ಟೀಚರುಗಳ ತರಬೇತಿಗೆ ಮೈಸೂರಿಗೆ ಹೋಗುತ್ತೇನೆ ಎಂದಿದ್ದೆನಲ್ಲ, ನಾನು ತುಮಕೂರು ಬಿಟ್ಟು ಎಲ್ಲೂ ಹೋಗಿಲ್ಲ. ಬಟವಾಡಿಯ ನಮ್ಮ ಮನೆಯಿಂದ ಆಟೋದಲ್ಲಿ ಹತ್ತು ನಿಮಿಷ ದೂರದ ಒಂದು ಸಂಶೋಧನಾ ಕೇಂದ್ರದಲ್ಲಿ ಅರವತ್ತು ದಿನ ಮಲಗಿದ್ದೆ. ಗಾಬರಿಯಾಗಬೇಡ, ಕಾಯಿಲೆ ಏನಿಲ್ಲ. ಇಲ್ಲಿ ಮಲಗುವುದೇ ಕೆಲಸ.

ಮಂಗಳ ಗ್ರಹ ಮುಟ್ಟಲು ಏಳೆಂಟು ತಿಂಗಳು ಬೇಕಂತೆ. ದಾರಿಯುದ್ದಕ್ಕೂ ಮೈಗೆ ತೂಕವಿಲ್ಲ, ಕಾಲಿಗೆ ಕೆಲಸವಿಲ್ಲ. ಮಾಂಸ ಕರಗುತ್ತದೆ, ಮೂಳೆ ಸವೆಯುತ್ತದೆ. ಹಾಗೆ ಹೋದವರು ಅಲ್ಲಿ ಬದುಕಿಯಾರೇ ಎಂದು ತಿಳಿಯಲು ಗಟ್ಟಿಮುಟ್ಟಾದವರನ್ನು ಇಲ್ಲೇ ಮಲಗಿಸಿ ನೋಡುತ್ತಾರೆ. ಮಂಚದ ತಲೆಯ ಕಡೆ ಸ್ವಲ್ಪ ತಗ್ಗು, ಕಾಲಿನ ಕಡೆ ಎತ್ತರ. ದಿಂಬಿಲ್ಲ. ಊಟ, ಸ್ನಾನ, ಮಿಕ್ಕಿದ್ದೆಲ್ಲ ಮಲಗಿಯೇ. ನನ್ನ ಎದುರಿನ ಗೋಡೆಗೆ ಮಂಗಳದಲ್ಲಿ ಮನೆ ಕಟ್ಟುವವರ ಬಣ್ಣದ ಚಿತ್ರ ಅಂಟಿಸಿದ್ದರು. ಅದರಲ್ಲಿ ಎಲ್ಲರೂ ನೆಟ್ಟಗೆ ನಿಂತಿದ್ದರು. ಅದನ್ನು ನೋಡಿ ನೋಡಿ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಯಾಕೆ ಸೇರಿದಿರಿ ಎಂದು ಇಲ್ಲಿಯ ಡಾಕ್ಟರ್ ಉಮಾಮಹೇಶ್ವರಿ ಕೇಳಿದಾಗ, ವಿಜ್ಞಾನಕ್ಕೆ ನನ್ನದೂ ಒಂದು ಸೇವೆ ಎಂದು ದೊಡ್ಡದಾಗಿ ಹೇಳಿದೆ. ನಿಜ ಏನೆಂದರೆ, ನಿನ್ನನ್ನು ಸೋಲಿಸಲು ಸೇರಿದೆ.

ಸೊಂಟದ ಮೂಳೆ ಮುರಿದು ಆಪರೇಷನ್ ಆದಮೇಲೆ ಜ್ವರ ಬಂದು ನೀನು ಎರಡು ತಿಂಗಳು ಮಲಗಿದೆ. ಆಮೇಲೆ ಎಬ್ಬಿಸಿದರೆ, "ಕಾಲು ನಂದಲ್ಲ ಅನ್ಸ್ತದೆ ಕಣೇ, ನೆಲ ಎಲ್ಲೋ ದೂರ ಇದ್ದಂಗದೆ" ಅನ್ನುತ್ತಿದ್ದೆ. ನಾನು ಅದು ನಾಟಕ ಎಂದುಕೊಂಡೆ. ದಿನಾ ಮೈದಾನದಲ್ಲಿ ಇನ್ನೂರು ಮಕ್ಕಳನ್ನು ಓಡಿಸುವವಳಿಗೆ ಮನೆಯಲ್ಲಿ ಒಬ್ಬಳನ್ನು ನಡೆಸಲು ಆಗಲಿಲ್ಲವಲ್ಲ ಎಂಬ ಸಿಟ್ಟು ಬೇರೆ. ನೀನು ಚನ್ನೇಶನ ಜೊತೆ ಕೊತ್ತಗೆರೆಗೆ ಹೊರಟುಹೋದ ಮೇಲೆ ಈ ಕೇಂದ್ರದ ಜಾಹೀರಾತು ಕಂಡಿತು. ನಿನ್ನಷ್ಟೇ ದಿನ ಮಲಗಿ, ಎದ್ದು, ನಿನ್ನ ಮುಂದೆ ನಡೆದು ತೋರಿಸುತ್ತೇನೆ ಎಂದು ಹೆಸರು ಕೊಟ್ಟೆ. ನಗಬೇಡ.

ಮೊದಲ ವಾರ ತಲೆ ಸಿಡಿಯಿತು, ಮುಖ ಊದಿತು. ಆಮೇಲೆ ಬೆನ್ನುನೋವು. ಆಮೇಲೆ ಬರೀ ರೇಗಾಟ. ತಟ್ಟೆ ತಂದವರ ಮೇಲೆ, ಸೂಜಿ ಹಿಡಿದವರ ಮೇಲೆ, ಪಕ್ಕದ ಮಂಚದ ದೀಪಿಕಾಳ ಮೇಲೆ. ಆ ಹುಡುಗಿ ಕುಣಿಗಲ್ಲಿನವಳು, ಎಂ.ಎಸ್ಸಿ. ಓದುತ್ತಾಳೆ. ತನ್ನ ಕಾಲದಲ್ಲೇ ಮಂಗಳದಲ್ಲಿ ಜನ ಸಂಸಾರ ಹೂಡುತ್ತಾರೆ ಎನ್ನುತ್ತಾಳೆ. ಒಂದು ದಿನ ತಡೆಯಲಾರದೆ ಕೇಳಿದೆ: "ಅಲ್ಲ ಕಣಮ್ಮಾ, ಇಲ್ಲಿರೋರ್ನೇ ನೆಟ್ಟಗೆ ನಿಲ್ಸೋಕಾಗಲ್ಲ, ಅಲ್ಲಿ ಹೋಗಿ ಏನ್ ಮಾಡ್ತೀರಾ?"

ಅವಳಿಗೆ ಕೋಪ ಬರಲಿಲ್ಲ. "ಅದೇ ನೋಡಿ ಅಕ್ಕ ಕಷ್ಟ. ರಾಕೆಟ್ ಹೆಂಗೋ ಮಾಡ್ಕೋತಾರೆ. ಬಾಹ್ಯಾಕಾಶದಿಂದ ಭೂಮಿಗೆ ವಾಪಸ್ ಬಂದೋರ್ನ ಎತ್ಕೊಂಡು ಹೋಗೋಕೆ ಜನ ಇರ್ತಾರೆ. ಮಂಗಳದಲ್ಲಿ ಇಳ್ದಾಗ ಕೈ ಹಿಡಿಯೋಕೆ ಯಾರಿರ್ತಾರೆ ಹೇಳಿ?" ಎಂದಳು.

ನಾನು ಗೋಡೆಯ ಕಡೆ ತಿರುಗಿ ಮಲಗಿದೆ. ಅವತ್ತು ಊಟ ಸೇರಲಿಲ್ಲ.

ಮೊನ್ನೆ ಶನಿವಾರ ಎಬ್ಬಿಸಿದರು. ಇಬ್ಬರು ನರ್ಸ್‌ಗಳು ಎರಡು ಕಡೆ ಹಿಡಿದುಕೊಳ್ಳಲು ಬಂದಾಗ, "ಬೇಡ ಬಿಡ್ರೀ, ನಾನು ಪಿ.ಟಿ. ಟೀಚರ್ರು" ಎಂದೆ. ಅವರು ಬಿಡಲಿಲ್ಲ, ಸದ್ಯ. ಪಾದ ಊರಿದರೆ ಅಂಗಾಲಿನಲ್ಲಿ ಸೂಜಿ ಚುಚ್ಚಿದಂತೆ. ಎದೆ ಡವಡವ ಎಂದಿತು, ಕಣ್ಣು ಕತ್ತಲಿಟ್ಟಿತು. ನೆಲ ನಿಜವಾಗಿಯೂ ಎಲ್ಲೋ ದೂರ ಇತ್ತು ಅಮ್ಮ. ನೀನು ಹೇಳಿದ ಹಾಗೆಯೇ ಇತ್ತು. ಅವರ ತೋಳಿನ ಮೇಲೇ ಕುಸಿದೆ. ನನಗೆ ಮೂವತ್ತೆಂಟು, ಮೂಳೆ ಮುರಿದಿರಲಿಲ್ಲ, ದಿನವೂ ಕಾಲು ನೀವುವವರಿದ್ದರು. ನಿನಗೆ ಅರವತ್ತಾರು.

ಈಗ ನೀನು ಬಿದ್ದ ಆ ಆಗಸ್ಟ್ ತಿಂಗಳ ಬೆಳಿಗ್ಗೆಯದನ್ನು ಬರೆಯಬೇಕು. ನೀನು ನನ್ನ ಕೈಯಿಂದ ಜಾರಲಿಲ್ಲ. ನಡುಮನೆಯಲ್ಲಿ ನಿನ್ನನ್ನು ನಿಲ್ಲಿಸಿ, "ಒಂದು, ಎರಡು" ಎಂದು ಎಣಿಸುತ್ತಾ, ಮೂರಕ್ಕೆ ನಾನೇ ಬೇಕೆಂದು ಎರಡೂ ಕೈ ಬಿಟ್ಟೆ. ಬಿಟ್ಟರೆ ನಿಲ್ಲುತ್ತಾಳೆ ಎಂದುಕೊಂಡೆ. ನೀನು ಬೀಳುವಾಗ ನನ್ನ ಮುಖ ನೋಡಿದೆ. ಅಳಲಿಲ್ಲ, ಬೈಯಲಿಲ್ಲ. "ಚನ್ನೇಶನಿಗೆ ಬರಕ್ಕೆ ಹೇಳು" ಎಂದೆ ಅಷ್ಟೇ.

ತಪ್ಪಾಯಿತು ಎಂದು ಬರೆದರೆ ಎಷ್ಟು ಚಿಕ್ಕದಾಗಿ ಕಾಣುತ್ತದೆ. ಆದರೂ ಬರೆದಿದ್ದೇನೆ.

ಹಾಗೆಂದು ನನ್ನ ಸಿಟ್ಟು ಪೂರ್ತಿ ಇಳಿದಿದೆ ಎಂದುಕೊಳ್ಳಬೇಡ. ನೀನು ಅಲ್ಲಿ ದಿನವಿಡೀ ಮಲಗೇ ಇರುತ್ತೀಯಂತೆ. ಬಚ್ಚಲಿಗೂ ಚನ್ನೇಶ ಎತ್ತಿಕೊಂಡು ಹೋಗುತ್ತಾನಂತೆ. ಅವನದು ಪ್ರೀತಿಯೇ, ಆದರೆ ಹಾಗೇ ಬಿಟ್ಟರೆ ಏನಾಗುತ್ತದೆ ಎಂದು ಈಗ ನನ್ನ ಮೈಗೇ ಗೊತ್ತು. ಡಾಕ್ಟರಿಗೆ ನಿನ್ನ ವಿಷಯ ಹೇಳಿದೆ. ನೋಡದೆ ಏನೂ ಹೇಳಲಾರೆ, ಆದರೆ ತಡವಾಗಿದೆ ಎಂದು ಬಿಟ್ಟುಬಿಡಬೇಡಿ ಎಂದರು. ಮೊದಲು ಮಂಚದ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂರುವುದು. ಅದೇ ಒಂದು ವಾರ. ಇಲ್ಲಿ ನನಗೂ ಅದನ್ನೇ ಮಾಡಿಸುತ್ತಿದ್ದಾರೆ.

ಭಾನುವಾರ ಒಂದು ದಿನದ ಮಟ್ಟಿಗೆ ಹೊರಗೆ ಹೋಗಲು ಒಪ್ಪಿಗೆ ಸಿಕ್ಕಿದೆ. ಕಾರು ಹೇಳಿದ್ದೇನೆ. ನಿನ್ನನ್ನು ನಡೆಸಲು ಬರುತ್ತಿಲ್ಲ. ನಿನ್ನ ಪಕ್ಕ ಮಂಚದ ಅಂಚಿನಲ್ಲಿ ಕೂರಲು ಬರುತ್ತಿದ್ದೇನೆ. ಬೇಡ ಎನಿಸಿದರೆ ಬಾಯಿಬಿಟ್ಟು ಬೇಡ ಎನ್ನು. "ಹೂಂ" ಅನ್ನಬೇಡ.

ನಿನ್ನ ಮಗಳು,
ಮಾಲಿನಿ

ಮರೆತ ಮಾತು: ಮರೆತಿರಲಿಲ್ಲ, ಬರೆಯಲು ಧೈರ್ಯ ಸಾಲಲಿಲ್ಲ. ಅವತ್ತು ಏನಾಯಿತೆಂದು ನೀನು ಚನ್ನೇಶನಿಗೆ ಇದುವರೆಗೂ ಹೇಳಿಲ್ಲ ಎಂದು ಅವನ ಮಾತಿನಿಂದಲೇ ತಿಳಿಯಿತು. ಇವತ್ತು ಬೆಳಿಗ್ಗೆ ಫೋನ್ ಮಾಡಿ ನಾನೇ ಹೇಳಿದೆ. "ನಮ್ಮನೆ ಬಾಗ್ಲಿಗ್ ಬರ್ಬೇಡ ನೀನು" ಎಂದು ಇಟ್ಟುಬಿಟ್ಟ. ಆದರೂ ಬರುತ್ತೇನೆ. ನಿಮ್ಮ ಜಗಲಿಯ ಮೂರು ಮೆಟ್ಟಿಲು ಒಬ್ಬಳೇ ಹತ್ತಲು ನನಗೆ ಇನ್ನೂ ಆಗುವುದಿಲ್ಲ. ಅವನು ಕೈ ಕೊಡದಿದ್ದರೆ ಕೆಳಗಿನ ಮೆಟ್ಟಿಲ ಮೇಲೆ ಕೂತಿರುತ್ತೇನೆ, ನೀನು ಒಳಗಿನಿಂದ ಕೂಗು.